ಟಾನಿಕ್ ನಿಲ್ಲಿಸಿದ ಮೇಲೆ ನನ್ನ ಹಂದಿಮರಿಗಳು ಉಳಿದವು

ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ನನ್ನ ಏಳು ಮರಿಗಳು ಸತ್ತವು. ಬಡಕಲು ಮರಿಗಳಲ್ಲ, 25 ಕೆಜಿ ದಾಟಿ ಗುಂಪಿನಲ್ಲೇ ಮುಂದಿದ್ದವು. ರಾತ್ರಿ ತಿಂದು ಮಲಗಿದ್ದು ಬೆಳಿಗ್ಗೆ ಏಳಲಿಲ್ಲ. ಮರಿಗೆ 4,500 ಅಂತ ಹಿಡಿದರೂ 30 ಸಾವಿರದ ಮೇಲೆ ಹೋಯಿತು. ಉಳಿದವುಗಳಲ್ಲಿ ನಾಲ್ಕೈದು ಹಿಂಗಾಲು ಎಳೆಯುತ್ತಿದ್ದವು.

ನಮ್ಮದು ಮೂಡುಬಿದಿರೆ ಕಡೆ. ಮಲ್ಪೆ ಬಂದರಿನಿಂದ ಬೂತಾಯಿ ಮೀನಿನ ತಲೆ, ಕರುಳು ಅಗ್ಗಕ್ಕೆ ಬರುತ್ತಿತ್ತು. ಅದನ್ನು ತೌಡು, ಹೋಟೆಲಿನ ಅನ್ನದ ಜೊತೆ ಹಾಕುತ್ತಿದ್ದೆ. ಕಾಲು ಸೋತದ್ದು ನೋಡಿ ಎ, ಡಿ3, ಇ ವಿಟಮಿನ್ ಇರುವ ಟಾನಿಕ್ ಶುರು ಮಾಡಿದೆ. ಸುಧಾರಿಸದಾಗ ಎರಡು ಪಟ್ಟು ಮಾಡಿದೆ. ಆಮೇಲೆಯೇ ಸಾವು ಜಾಸ್ತಿಯಾದದ್ದು.

ಡಾಕ್ಟ್ರು ಒಂದು ಮರಿಯನ್ನು ಕೊಯ್ದು ತೋರಿಸಿದರು. ಹೃದಯದ ಚೀಲದ ತುಂಬಾ ನೀರು. ಹೃದಯದ ಮೇಲೆಲ್ಲಾ ರಕ್ತದ ಕಲೆ, ಹಿಪ್ಪುನೇರಳೆ ಹಣ್ಣಿನ ಬಣ್ಣ. ಕೊಬ್ಬು ಅರಿಶಿನ ಕಲಸಿದ ಹಾಗೆ. "ಇ ವಿಟಮಿನ್ ಸಾಲುತ್ತಿಲ್ಲ" ಎಂದರು. ಟಾನಿಕ್‌ನಲ್ಲೇ ಇದೆಯಲ್ಲ ಎಂದು ವಾದಿಸಿದೆ. ಬಾಟಲಿಯ ಲೇಬಲ್ ಓದಿ ಅಂದರು. ಒಂದು ಮಿಲಿಗೆ ಎ 50 ಸಾವಿರ ಯೂನಿಟ್, ಇ ಸುಮಾರು 30 ಮಿಲಿಗ್ರಾಂ ಇತ್ತು. ಬೆಳೆಯುವ ಹಂದಿಗೆ ಕೆಜಿ ಮೇವಿಗೆ ಎ 1,300 ಯೂನಿಟ್ ಸಾಕು. ಮೀನಿನ ಲಿವರಿನಲ್ಲೇ ಎ, ಡಿ ಎರಡೂ ಬರುತ್ತಿತ್ತು. ಲೆಕ್ಕ ಹಾಕಿದರೆ ನನ್ನ ಮೇವಿನಲ್ಲಿ ಕೆಜಿಗೆ ಎ 20 ಸಾವಿರ ದಾಟಿತ್ತು. ಎ ಅತಿಯಾದರೆ ಇ ಮೈಗೆ ಸರಿಯಾಗಿ ಹತ್ತುವುದಿಲ್ಲ, ಮೂಳೆಯ ಬೆಳವಣಿಗೆಯೂ ಕೆಡುತ್ತದೆ. ಹತ್ತಿದ ಸ್ವಲ್ಪ ಇ ಕೂಡ ಕನರು, ಅಂದರೆ ಹಳಸಿ ಕಮಟಾದ ಮೀನೆಣ್ಣೆಗೇ ಖರ್ಚಾಗುತ್ತಿತ್ತು.

ಟಾನಿಕ್ ಪೂರ್ತಿ ಬಿಟ್ಟೆ. "ಟಾನಿಕ್ ಇಲ್ಲದೆ ಮರಿ ಉಳಿಯುತ್ತದಾ ಮಾರಾಯ?" ಎಂದು ಪಕ್ಕದ ಫಾರ್ಮಿನವರು ಕೇಳಿದರು. ಮೀನು ವಾರಕ್ಕೆ ಎರಡೇ ದಿನ, ಬಂದ ದಿನವೇ ಬೇಯಿಸಿ. ಮಾರುವ ಆರು ವಾರ ಮೊದಲೇ ಬಂದ್. ತೌಡು ಮಿಲ್ಲಿನಿಂದ ಬಂದು ನಾಲ್ಕು ದಿನದೊಳಗೆ ಮುಗಿಯಬೇಕು. ಮೂಗಿಗೆ ಕನರು ಹೊಡೆದರೆ ಗೊಬ್ಬರದ ಗುಂಡಿಗೆ. ಮೊದಲ ತಿಂಗಳು ಎರಡು ಚೀಲ ಹಾಗೇ ಹೋಯಿತು, ಹೊಟ್ಟೆ ಉರಿಯಿತು.

ಇ ಮಾತ್ರ ಬೇರೆ ತಂದೆ. ಶೇ. 50ರ ಪುಡಿ, 50 ಕೆಜಿ ಚೀಲಕ್ಕೆ 10 ಗ್ರಾಂ. ಮೊದಲು ಒಂದು ಕೆಜಿ ಹಿಟ್ಟಿನಲ್ಲಿ ಕಲಸಿ, ಆಮೇಲೆ ಚೀಲಕ್ಕೆ. ಚೀಲಕ್ಕೆ 15 ರೂಪಾಯಿಯೂ ಬೀಳಲಿಲ್ಲ. ಇ ಜೊತೆ ಕೆಲಸ ಮಾಡುವ ಸೆಲೆನಿಯಂ ನಾನು ಹಾಕುವ ಖನಿಜ ಮಿಶ್ರಣದಲ್ಲೇ ಇದೆ, ಮತ್ತೆ ಸುರಿಯಬೇಡಿ, ಅತಿಯಾದರೆ ಅದು ವಿಷ.

ಹುಮ್ಮಸ್ಸಿನಲ್ಲಿ ಒಮ್ಮೆ ಇ ಮೂರು ಪಟ್ಟು ಹಾಕಿದ್ದೆ. ಅದೇ ವಾರ ಮೆಕ್ಕೆಜೋಳಕ್ಕೂ ಬೂಷ್ಟು ಬಂದಿತ್ತು. ಕಿವಿ ಕಚ್ಚಿಸಿಕೊಂಡ ಮರಿಯ ರಕ್ತ ಗಂಟೆಯಾದರೂ ನಿಲ್ಲಲಿಲ್ಲ. ಇ ತೀರಾ ಜಾಸ್ತಿಯಾದರೆ ಕೆ ವಿಟಮಿನ್‌ಗೆ ಅಡ್ಡ, ಬೂಷ್ಟಿನ ವಿಷವೂ ಹಾಗೆಯೇ. ಡಾಕ್ಟ್ರು ಕೆ ಚುಚ್ಚಿದ ಮೇಲೆ ನಿಂತಿತು. ಜೋಳ ಎಸೆದೆ, 10 ಗ್ರಾಂಗೆ ಮರಳಿದೆ.

ಎ ಬೇಕಲ್ವಾ ಅಂದರೆ, ನುಗ್ಗೆ ಸೊಪ್ಪು ಇದೆ. ಸೊಪ್ಪಿನಿಂದ ಹಂದಿ ತನಗೆ ಬೇಕಾದಷ್ಟು ಎ ಮಾಡಿಕೊಳ್ಳುತ್ತದೆ, ಅತಿಯಾಗುವುದಿಲ್ಲ. ಡಿಗೆ ಬೆಳಗಿನ ಬಿಸಿಲು. ಒಮ್ಮೆ ಮಧ್ಯಾಹ್ನದವರೆಗೆ ಬಿಟ್ಟು ಬಿಳಿ ಯಾರ್ಕ್‌ಶೈರ್ ತಳಿಯ ಮರಿಗಳ ಕಿವಿ ಸುಟ್ಟಿತು.

ಆಮೇಲಿನ ಗುಂಪಿನಲ್ಲಿ 40ರ ಮೇಲೆ ಮರಿಗಳಿದ್ದವು, ಒಂದೂ ಹೋಗಲಿಲ್ಲ. ಮೊದಲು 90 ಕೆಜಿಗೆ ಎಂಟು ತಿಂಗಳು ಹತ್ತಿರ ಬೇಕಿತ್ತು, ಈಗ ಆರೂವರೆ. ಹಳದಿ ಕೊಬ್ಬು, ಮೀನಿನ ವಾಸನೆ ಅಂತ ಕೆಜಿಗೆ 30 ರೂಪಾಯಿ ಮುರಿಯುತ್ತಿದ್ದ ವ್ಯಾಪಾರಿ, ಮೊದಲ ಹಂದಿ ಕಡಿದಾಗ ಕೊಬ್ಬನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ತೆಂಗಿನ ತಿರುಳಿನಷ್ಟು ಬಿಳಿ. ಮೂಸಿಯೂ ನೋಡಿದರು. ಮುಂದಿನ ಗುಂಪಿಗೆ ಅಲ್ಲೇ ಮುಂಗಡ ಕೊಟ್ಟು ಹೋದರು.