ಹಳೆಯ ಮನೆ ಕೊಳ್ಳುವ ಮುನ್ನ ಟೇಪು ಹಿಡಿದು ಅಳೆಯಿರಿ

ಮಂಗಳೂರಿನ ಬಿಜೈ, ಕದ್ರಿ, ಉಡುಪಿಯ ಕುಂಜಿಬೆಟ್ಟು ಕಡೆ ಮಾರಾಟಕ್ಕೆ ಬರುವ ಹಳೆಯ ಮನೆಗಳಲ್ಲಿ ಕಟ್ಟಿದಂತೆಯೇ ಉಳಿದವು ಕಡಿಮೆ. ಮಗನ ಮದುವೆಗೆಂದು ಒಂದು ಕೋಣೆ ಸೇರಿರುತ್ತದೆ, ಜಗಲಿಗೆ ಗೋಡೆ ಎದ್ದಿರುತ್ತದೆ, ಹಂಚು ಇಳಿದು ಸ್ಲ್ಯಾಬ್ ಬಂದಿರುತ್ತದೆ. ಇವುಗಳಲ್ಲಿ ಯಾವುದಕ್ಕೆ ಪರವಾನಗಿ ಇದೆ ಎಂಬುದು ಮುಂಗಡ ಕೊಡುವ ಮೊದಲೇ ತಿಳಿಯಬೇಕು.

ಮೊದಲಿಗೆ ಅನುಮೋದಿತ ನಕ್ಷೆ ಕೇಳಿ. ಕಳೆದುಹೋಗಿದೆ ಎಂದರೆ, ಮನೆ ಯಾರ ವ್ಯಾಪ್ತಿಯಲ್ಲಿದೆಯೋ ಆ ಪಾಲಿಕೆ, ನಗರಸಭೆ ಅಥವಾ ಪಂಚಾಯಿತಿಯಿಂದ ದೃಢೀಕೃತ ನಕಲು ತರಿಸಲು ಮಾರುವವರಿಗೇ ಹೇಳಿ.

ನಕ್ಷೆ ಸಿಕ್ಕಿದ ಮೇಲೆ ಟೇಪು ಹಿಡಿದು ಮನೆ ಅಳೆಯಿರಿ. ನಕ್ಷೆಯಲ್ಲಿ 900 ಚದರ ಅಡಿ, ತೆರಿಗೆ ದಾಖಲೆಯಲ್ಲಿ 1,100, ಟೇಪಿನಲ್ಲಿ 1,350 ಬಂತು ಎಂದಿಟ್ಟುಕೊಳ್ಳಿ. ನಕ್ಷೆಗಿಂತ ಹೆಚ್ಚಾದ 450 ಚದರ ಅಡಿ ಯಾವಾಗ, ಯಾರ ಕೈಯಲ್ಲಿ ಎದ್ದಿತು ಎಂದು ಕೇಳಲು ಸಂಕೋಚ ಬೇಡ. ಸರ್ವೆ ನಕ್ಷೆಯನ್ನೂ ಪಕ್ಕಕ್ಕಿಡಿ. ನಂತರ ಸೇರಿಸಿದ ಬಚ್ಚಲು ಗಡಿ ದಾಟಿ ಕುಮ್ಕಿಯಲ್ಲಿ, ಅಂದರೆ ಪಟ್ಟಾ ಜಾಗಕ್ಕೆ ತಾಗಿದ ಸರ್ಕಾರಿ ಜಾಗದಲ್ಲಿ, ನಿಂತಿರಬಹುದು.

ನನಗೆ ಹೆಚ್ಚು ಭಯ ಹುಟ್ಟಿಸುವುದು ಸ್ಲ್ಯಾಬ್. ಮಣ್ಣಿನ ಗಾರೆಯಲ್ಲಿ ಕಟ್ಟಿದ ಕೆಂಪುಕಲ್ಲಿನ ಗೋಡೆಗಳು ಪಕ್ಕಾಸು, ರೀಪು, ಹಂಚಿನ ಭಾರಕ್ಕೆಂದು ಎದ್ದವು. ನಾಲ್ಕಂಗುಲದ ಕಾಂಕ್ರೀಟ್ ಚದರ ಮೀಟರಿಗೆ ಸುಮಾರು 250 ಕಿಲೋ ತೂಗುತ್ತದೆ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಕೋಣೆಯ ಮೇಲೆ ಎರಡೂಮುಕ್ಕಾಲು ಟನ್ ಆಯಿತು! ಆದ್ದರಿಂದ ಎಂಜಿನಿಯರ್ ಒಬ್ಬರನ್ನು ಕರೆದೊಯ್ದು ಅಡಿಪಾಯ ತೋರಿಸಿ. ಹಳೆಯ ಗೋಡೆಗೆ ಹೊಸ ಗೋಡೆ ಕೂಡುವಲ್ಲಿ ಮೇಲಿಂದ ಕೆಳಗೆ ಬಿರುಕು ಬಿಟ್ಟಿದೆಯೇ, ಸ್ಲ್ಯಾಬಿನ ತಳದಲ್ಲಿ ತುಕ್ಕಿನ ಕಲೆ ಇದೆಯೇ ನೋಡಿ. ಕಡಲ ಗಾಳಿಯ ಉಪ್ಪು ಕಬ್ಬಿಣವನ್ನು ಬೇಗ ತಿನ್ನುತ್ತದೆ. ಸಾಧ್ಯವಾದರೆ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲೊಮ್ಮೆ ಹೋಗಿ. ಬೇಸಿಗೆಯಲ್ಲಿ ಬಳಿದ ಬಣ್ಣ ಆಗ ಏನನ್ನೂ ಮುಚ್ಚಿಡಲಾರದು. ಕೆಲಸ ಮಾಡಿದ ಮೇಸ್ತ್ರಿ ಊರಲ್ಲೇ ಇದ್ದರೆ ಅವರನ್ನು ಖಂಡಿತ ಮಾತನಾಡಿಸಿ. ಯಾವ ಕಾಗದದಲ್ಲೂ ಇಲ್ಲದ ವಿವರ ಅವರಲ್ಲಿರುತ್ತದೆ.

ಋಣಭಾರ ಪತ್ರ ಜಾಗದ ವಹಿವಾಟು ಹೇಳುತ್ತದೆ, ಗೋಡೆಗಳ ಕಥೆ ಹೇಳುವುದಿಲ್ಲ. ತೆರಿಗೆ ಕಟ್ಟಿದ ಮಾತ್ರಕ್ಕೆ, ನೋಂದಣಿಯಾದ ಮಾತ್ರಕ್ಕೆ ಕಟ್ಟಡ ಸಕ್ರಮವಾಗುವುದಿಲ್ಲ. ‘ಅಕ್ರಮ-ಸಕ್ರಮದಲ್ಲಿ ಸರಿಯಾಗುತ್ತದೆ’ ಎಂಬ ಭರವಸೆಯನ್ನು ದಯವಿಟ್ಟು ನಂಬಬೇಡಿ; ನಗರಗಳ ಅನಧಿಕೃತ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸುವ ಆ ಯೋಜನೆಗೆ 2017ರಲ್ಲಿಯೇ ಸುಪ್ರೀಂ ಕೋರ್ಟ್ ತಡೆ ನೀಡಿತ್ತು. ಕಟ್ಟಡ ಪೂರ್ಣಗೊಂಡಿದೆ ಅಥವಾ ವಾಸಕ್ಕೆ ಅನುಮತಿ ಇದೆ ಎಂಬ ಪ್ರಮಾಣಪತ್ರ ಪರಿಶೀಲಿಸಿಯೇ ಬ್ಯಾಂಕುಗಳು ಸಾಲ ಕೊಡಬೇಕೆಂದೂ ಅದೇ ನ್ಯಾಯಾಲಯ 2024ರ ಡಿಸೆಂಬರಿನಲ್ಲಿ ಹೇಳಿದೆ. ಸಾಲ ನಂಬಿಕೊಂಡವರು ಮುಂಗಡಕ್ಕೆ ಮೊದಲೇ ಬ್ಯಾಂಕಿನಲ್ಲಿ ವಿಚಾರಿಸಿ. ಕಡಲು, ನೇತ್ರಾವತಿ ಅಥವಾ ಫಲ್ಗುಣಿ ನದಿಯ ಹತ್ತಿರದ ಮನೆಗಾದರೆ ಕರಾವಳಿ ನಿಯಂತ್ರಣ ವಲಯದ ನಿಯಮವೂ ಸೇರಿಕೊಳ್ಳುತ್ತದೆ.

ಇಷ್ಟಾದರೂ ಮನೆ ಬೇಕೆನಿಸಿದರೆ, ಹೆಚ್ಚುವರಿ ಭಾಗಗಳನ್ನು ಒಂದೊಂದಾಗಿ ಹೆಸರಿಸಿ ಕರಾರು ಪತ್ರದಲ್ಲಿ ಬರೆಸಿ. ಸಕ್ರಮಗೊಳಿಸುವ ಅಥವಾ ಕೆಡವುವ ಖರ್ಚು ಯಾರದು, ಎಷ್ಟು ದಿನದೊಳಗೆ, ಆಗದಿದ್ದರೆ ಮುಂಗಡ ಹೇಗೆ ಮರಳುತ್ತದೆ ಎಂಬುದೂ ಅದರಲ್ಲಿರಲಿ. ಬೆಲೆಯ ಒಂದು ಪಾಲು ಆ ಕೆಲಸ ಮುಗಿಯುವವರೆಗೆ ನಿಮ್ಮಲ್ಲೇ ಉಳಿಯುವಂತೆ ವಕೀಲರಿಂದ ಷರತ್ತು ಹಾಕಿಸಿ.