ಫೋನಿನಲ್ಲಿ ಓದಿದ ನಲವತ್ತೆಂಟು ಅಂಕಿ

ಬಾಗಲಕೋಟೆ ನವನಗರದಲ್ಲಿ ನಮ್ಮ ಪತ್ತಿನ ಸಹಕಾರಿ ಸಂಘದ ಮುಖ್ಯ ಕಚೇರಿ ಇದೆ. ಬಾದಾಮಿ, ಗುಳೇದಗುಡ್ಡ, ಇಳಕಲ್, ಜಮಖಂಡಿ, ಮುಧೋಳದಲ್ಲಿ ಶಾಖೆಗಳು. ಎಲ್ಲ ಸೇರಿ 38 ಕಂಪ್ಯೂಟರ್. ಅವನ್ನೆಲ್ಲ ನೋಡಿಕೊಳ್ಳುವವನು ನಾನೊಬ್ಬನೇ.

2024ರ ಜುಲೈ 19, ಶುಕ್ರವಾರ. ಜಗತ್ತಿನ ತುಂಬ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತವಲ್ಲ, ಆ ದಿನ ನಮಗೆ ಏನೂ ಆಗಲಿಲ್ಲ. ಅದಕ್ಕೆಲ್ಲ ಕಾರಣ ಕ್ರೌಡ್‌ಸ್ಟ್ರೈಕ್ ಕಂಪನಿಯ ಫಾಲ್ಕನ್ ಎಂಬ ಭದ್ರತಾ ಸಾಫ್ಟ್‌ವೇರ್‌ಗೆ ಬಂದ ಒಂದು ಕೆಟ್ಟ ಅಪ್‌ಡೇಟ್. ಆ ಸಾಫ್ಟ್‌ವೇರ್ ನಮ್ಮಲ್ಲಿ ಇರಲಿಲ್ಲ. ವಿಮಾನ ನಿಲ್ದಾಣದಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಡುತ್ತಿದ್ದುದನ್ನು ಟಿವಿಯಲ್ಲಿ ನೋಡಿದೆವು. "ನಮಗೇನೂ ತೊಂದ್ರಿ ಇಲ್ಲಲ್ರೀ?" ಎಂದು ಅಧ್ಯಕ್ಷರು ಕೇಳಿದರು. "ಇಲ್ರೀ ಸಾಹೇಬ್ರ" ಅಂದೆ. ಅಲ್ಲಿಗೆ ಆ ವಿಷಯ ಬಿಟ್ಟೆ. ಬಿಡಬಾರದಿತ್ತು.

ಆರು ತಿಂಗಳ ನಂತರ, ಜನವರಿಯ ಮೊದಲ ಸೋಮವಾರ. ಬನಶಂಕರಿ ಜಾತ್ರೆಗೆ ಒಂದು ವಾರ ಇತ್ತು. ಇಂಥ ಹೊತ್ತಿನಲ್ಲಿ ಜನ ಹಣ ತೆಗೆಯಲು ಬೆಳಗ್ಗೆಯೇ ಬಂದು ನಿಲ್ಲುತ್ತಾರೆ. ಹತ್ತು ಗಂಟೆ ಆಗುವ ಮೊದಲೇ ಗುಳೇದಗುಡ್ಡದಿಂದ ಫೋನ್ ಬಂತು. "ಸರ್, ಕಂಪ್ಯೂಟರ್ ನೀಲಿ ಆಗಿ ನಿಂತೈತ್ರಿ. ಆಫ್ ಮಾಡಿ ಆನ್ ಮಾಡಿದ್ರೂ ಮತ್ತ ಅದೇ ಬರ್ತೈತ್ರಿ." ಆ ಫೋನ್ ಇಡುವಷ್ಟರಲ್ಲಿ ಬಾದಾಮಿಯಿಂದ ಬಂತು. ಆಮೇಲೆ ಇಳಕಲ್. ನನ್ನ ಪಕ್ಕದ ಕೋಣೆಯ ಸರ್ವರ್ ಕೂಡ ನಿಂತಿತ್ತು.

ನಮ್ಮ ಭದ್ರತಾ ಸಾಫ್ಟ್‌ವೇರ್ ಬೇರೆ ಕಂಪನಿಯದು. ಹೆಸರು ಬೇಡ. ಅದು ರಾತ್ರಿ ತಾನಾಗಿಯೇ ಒಂದು ಅಪ್‌ಡೇಟ್ ಇಳಿಸಿಕೊಂಡಿತ್ತು. 38ರಲ್ಲಿ 23 ಯಂತ್ರ ಹೋದವು. ಉಳಿದವು ಶನಿವಾರವೇ ಆಫ್ ಆಗಿದ್ದವು, ಅದಕ್ಕೇ ಉಳಿದವು. ಜುಲೈನಲ್ಲೂ ಹಾಗೇ ಆಗಿತ್ತು. ಕ್ರೌಡ್‌ಸ್ಟ್ರೈಕ್‌ನ ಕೆಟ್ಟ ಫೈಲ್ ಹೊರಬಿದ್ದಿದ್ದು ನಮ್ಮ ಸಮಯ ಬೆಳಗ್ಗೆ 9:39ಕ್ಕೆ, ಹಿಂದಕ್ಕೆ ತೆಗೆದುಕೊಂಡಿದ್ದು 10:57ಕ್ಕೆ. ಆ 78 ನಿಮಿಷ ಆಫ್ ಇದ್ದ ಯಂತ್ರಗಳಿಗೆ ಏನೂ ಆಗಲಿಲ್ಲ. ಆನ್ ಇದ್ದವುಗಳಲ್ಲಿ ಸುಮಾರು 85 ಲಕ್ಷ ಬಿದ್ದವು ಎಂದು ಮೈಕ್ರೋಸಾಫ್ಟ್ ಲೆಕ್ಕ ಕೊಟ್ಟಿತು.

ಒಂದು ಸಣ್ಣ ಫೈಲ್‌ನಿಂದ ಇಡೀ ಯಂತ್ರ ಯಾಕೆ ನಿಲ್ಲಬೇಕು ಅಂತ ಅಧ್ಯಕ್ಷರು ಆಮೇಲೆ ಕೇಳಿದರು. ಲೆಕ್ಕ ಬರೆಯುವ ಟ್ಯಾಲಿ ಕೆಟ್ಟರೆ ಟ್ಯಾಲಿ ಮಾತ್ರ ಮುಚ್ಚಿಕೊಳ್ಳುತ್ತದೆ. ಭದ್ರತಾ ಸಾಫ್ಟ್‌ವೇರ್ ಹಾಗಲ್ಲ. ಅದರ ಒಂದು ಭಾಗ ವಿಂಡೋಸ್‌ನ ತಳದಲ್ಲಿ, ಕರ್ನೆಲ್‌ನಲ್ಲಿ ಕೂತಿರುತ್ತದೆ. ಅಲ್ಲಿ ತಪ್ಪಾದರೆ ಡೇಟಾ ಹಾಳಾಗದಿರಲಿ ಎಂದು ವಿಂಡೋಸ್ ತಾನೇ ನಿಂತುಬಿಡುತ್ತದೆ. ಅದೇ ನೀಲಿ ಪರದೆ. ಕ್ರೌಡ್‌ಸ್ಟ್ರೈಕ್‌ನ ತಪ್ಪನ್ನು ಅವರಿಗೆ ನಮ್ಮ ಸಾಲದ ಅರ್ಜಿಯನ್ನೇ ಇಟ್ಟು ಹೇಳಿದೆ. ಅರ್ಜಿಯಲ್ಲಿ ತುಂಬಿರುವುದು 20 ಕಾಲಂ. ಹೊಸ ಸೂಚನೆ 21ನೇ ಕಾಲಂ ನೋಡು ಅನ್ನುತ್ತದೆ. ಗುಮಾಸ್ತ ಆದರೆ "ಇಲ್ಲಿ ಏನೂ ಇಲ್ರಿ" ಎಂದು ಎದ್ದು ಬಂದು ಕೇಳುತ್ತಾನೆ. ಪ್ರೋಗ್ರಾಂ ಕೇಳಲಿಲ್ಲ. ತನ್ನದಲ್ಲದ ಮೆಮೊರಿಗೆ ಕೈಹಾಕಿತು, ಬಿತ್ತು. ಕಳಿಸುವ ಮುಂಚೆ ಫೈಲ್ ಪರೀಕ್ಷಿಸುವ ಪ್ರೋಗ್ರಾಂ ಇತ್ತು. ಅದರಲ್ಲೂ ದೋಷ ಇತ್ತು, ಹಾಗಾಗಿ ಸರಿ ಇದೆ ಎಂದು ಬಿಟ್ಟಿತು.

ಕಂಪನಿ ಒಂದು ತಾಸಿನಲ್ಲೇ ಸರಿ ಮಾಡಿದರೂ ಕಷ್ಟ ತೀರುವುದಿಲ್ಲ ಎಂಬುದು ನನಗೆ ಆ ಸೋಮವಾರ ನಮ್ಮ ತಲೆಮೇಲೇ ಬಂದಾಗ ಅರ್ಥವಾಯಿತು. ಸರಿಯಾದ ಫೈಲ್ ಇಂಟರ್ನೆಟ್‌ನಲ್ಲಿ ಇದೆ. ಅದನ್ನು ಇಳಿಸಿಕೊಳ್ಳಬೇಕಾದ ಯಂತ್ರ ಅಷ್ಟು ಹೊತ್ತು ಎದ್ದೇ ಇರುವುದಿಲ್ಲ. ನಾನು ಕೂತಲ್ಲಿಂದ ಏನೂ ಮಾಡಲಾರೆ. ಪ್ರತಿ ಯಂತ್ರದ ಮುಂದೆ ಒಬ್ಬ ಮನುಷ್ಯ ಕೂರಬೇಕು.

ಹಾಗಾಗಿ ಶಾಖೆಯವರನ್ನೇ ಕೂರಿಸಿದೆ. ವಿಂಡೋಸ್ ಗುರುತು ಬಂದ ಕೂಡಲೇ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಹೀಗೆ ಎರಡು ಮೂರು ಸಲ ಮಾಡಿದರೆ ರಿಪೇರಿ ಪರದೆ ಬರುತ್ತದೆ. ಅಲ್ಲಿಂದ ಸೇಫ್ ಮೋಡ್. ಆ ಮೋಡ್‌ನಲ್ಲಿ ಹೊರಗಿನ ಕಂಪನಿಗಳ ಡ್ರೈವರ್‌ಗಳು, ಅಂದರೆ ಕರ್ನೆಲ್‌ನಲ್ಲಿ ಕೂರುವ ಭಾಗಗಳು, ಏಳುವುದಿಲ್ಲ, ಹಾಗಾಗಿ ಯಂತ್ರ ಬೀಳದೆ ಎದ್ದಿರುತ್ತದೆ. ನಂತರ ಕಂಪನಿಯವರು ಹೇಳಿದ ಫೈಲ್ ಅಳಿಸಿ, ಮತ್ತೆ ಆನ್ ಮಾಡಬೇಕು.

ಹಳೆಯ ಯಂತ್ರಗಳು ಮಧ್ಯಾಹ್ನದೊಳಗೆ ಎದ್ದವು. ಹೊಸ ಒಂಬತ್ತು ಲ್ಯಾಪ್‌ಟಾಪ್ ಏಳಲಿಲ್ಲ. ಅವುಗಳಲ್ಲಿ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಹಾಕಿದ್ದೆ. ಕದ್ದೊಯ್ದರೂ ಡೇಟಾ ಸಿಗಬಾರದು ಎಂದು ನಾನೇ ಹಟ ಹಿಡಿದು ಹಾಕಿಸಿದ್ದು. ಈಗ ಅದು 48 ಅಂಕಿಯ ಕೀ ಕೇಳುತ್ತಿತ್ತು. ಕೀಗಳೆಲ್ಲ ಒಂದು ಎಕ್ಸೆಲ್ ಫೈಲ್‌ನಲ್ಲಿ. ಆ ಫೈಲ್ ಇದ್ದದ್ದು ಬಿದ್ದ ಸರ್ವರ್‌ನಲ್ಲಿ.

ಮೊದಲು ಸರ್ವರ್ ಎಬ್ಬಿಸಿದೆ. ಆಮೇಲೆ ಇಳಕಲ್ ಶಾಖೆಯ ಅಕ್ಕನವರಿಗೆ ಫೋನ್ ಹಚ್ಚಿದೆ. ಆರಾರು ಅಂಕಿಯ ಎಂಟು ಗುಂಪು. ನಾನು ಒಂದು ಗುಂಪು ಓದುವುದು, ಅವರು ಒತ್ತುವುದು, ತಿರುಗಿ ನನಗೆ ಓದಿ ಹೇಳುವುದು. "ಆರಾ, ಏಳಾ ಸರ್? ಮಂದಿ ಗದ್ದಲದಾಗ ಕೇಳವಲ್ದು." ಕೌಂಟರ್ ಮುಂದೆ ಸೀರೆ ನೇಯುವವರು, ಪಿಂಚಣಿ ಹಿರಿಯರು ಕಾಯುತ್ತಿದ್ದರು. ಮೂರನೇ ಸಲಕ್ಕೆ ಪರದೆ ತೆರೆಯಿತು. ಅಕ್ಕ ಫೋನ್ ಇಡದೆ ಜೋರಾಗಿ, "ಬಂತ್ರೀ, ಎಲ್ಲಾರೂ ಪಾಳಿಗೆ ನಿಲ್ರಿ" ಅಂದರು. ನನಗೆ ಕಣ್ಣು ತುಂಬಿ ಬಂತು. ಇನ್ನೂ ಎಂಟು ಉಳಿದಿದ್ದವು.

ಮುಗಿದಾಗ ರಾತ್ರಿ ಒಂಬತ್ತು. ಮರುದಿನವೇ ಒಂಬತ್ತೂ ಕೀಗಳನ್ನು ಕಾಗದದ ಮೇಲೆ ಪ್ರಿಂಟ್ ತೆಗೆದು, ಲಕೋಟೆಗೆ ಅರಗು ಹಾಕಿ, ಆಯಾ ಶಾಖೆಯ ತಿಜೋರಿಯಲ್ಲಿ ಇಡಿಸಿದೆ. ಮುಖ್ಯ ಕಚೇರಿಯಲ್ಲಿ ಇನ್ನೊಂದು ಪ್ರತಿ.

ಇನ್ನೊಂದು ಕೆಲಸಕ್ಕೆ ಜಾಸ್ತಿ ದಿನ ಬೇಕಾಯಿತು. ಅಪ್‌ಡೇಟ್ ತಡವಾಗಿ ಬರಲಿ ಎಂದು ನಾನು ಮೊದಲೇ ಸೆಟ್ಟಿಂಗ್ ಹಾಕಿದ್ದೆ. ಆದರೂ ಯಾಕೆ ಬಂತು? ಅಪ್‌ಡೇಟ್‌ನಲ್ಲಿ ಎರಡು ಜಾತಿ. ಸಾಫ್ಟ್‌ವೇರ್‌ನ ಹೊಸ ಆವೃತ್ತಿ ಒಂದು. ಹೊಸ ವೈರಸ್ ಗುರುತಿಸಲು ದಿನಾ ಬರುವ ಸಣ್ಣ ಫೈಲ್ ಇನ್ನೊಂದು. ನನ್ನ ಸೆಟ್ಟಿಂಗ್ ಮೊದಲನೆಯದನ್ನು ಮಾತ್ರ ತಡೆಯುತ್ತಿತ್ತು. ಜುಲೈನಲ್ಲೂ ಇದೇ ಕಥೆ. ಒಂದು ಆವೃತ್ತಿ ಹಿಂದೆಯೇ ಇರುತ್ತೇವೆ ಎಂದು ಜಾಗ್ರತೆ ಮಾಡಿದ್ದವರಿಗೂ ಆ ಸಣ್ಣ ಫೈಲ್ ಒಟ್ಟಿಗೇ ಹೋಗಿತ್ತು. ಆಮೇಲೆ ಕ್ರೌಡ್‌ಸ್ಟ್ರೈಕ್ ಅದನ್ನು ಹಂತ ಹಂತವಾಗಿ ಕಳಿಸಲು ಶುರು ಮಾಡಿತು, ಗ್ರಾಹಕರ ಕೈಗೂ ಹತೋಟಿ ಕೊಟ್ಟಿತು. ಹಾಗಾಗಿ ನಮ್ಮ ಭದ್ರತಾ ಸಾಫ್ಟ್‌ವೇರ್ ಕಂಪನಿಗೆ ಬರೆದು ಕೇಳಿದ್ದು ಒಂದೇ ಪ್ರಶ್ನೆ: ದಿನದ ಫೈಲನ್ನೂ ಸ್ವಲ್ಪ ಹೊತ್ತು ತಡೆದು, ಆಮೇಲೆ ಬಿಡಬಹುದಾ? ಸಾಧ್ಯವಿತ್ತು. ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ವೈರಸ್ ಫೈಲನ್ನು ವಾರಗಟ್ಟಲೆ ತಡೆಯುವುದೂ ಅಪಾಯವೇ. ಹಾಗಾಗಿ ಈಗ ಅದು ಮೊದಲು ನನ್ನ ಒಂದು ಹಳೆ ಯಂತ್ರಕ್ಕೆ ಮತ್ತು ಗುಳೇದಗುಡ್ಡದ ಒಂದಕ್ಕೆ ಬರುತ್ತದೆ. ನಾಲ್ಕು ತಾಸು ಬಿಟ್ಟು ಉಳಿದವಕ್ಕೆ. ಸರ್ವರ್‌ಗೆ ಮರುದಿನ. ದೊಡ್ಡ ಆವೃತ್ತಿ ಆದರೆ ಒಂದು ವಾರ ಕಾಯುತ್ತೇನೆ. ಸೋಮವಾರ ಬೆಳಗ್ಗೆ, ಜಾತ್ರೆಯ ವಾರದಲ್ಲಿ ಯಾವ ಅಪ್‌ಡೇಟನ್ನೂ ಒಳಗೆ ಬಿಡುವುದಿಲ್ಲ.

ಗುಳೇದಗುಡ್ಡದ ಹುಡುಗ ಬೆಳಗ್ಗೆ ಬಾಗಿಲು ತೆಗೆದ ಮೇಲೆ ಆ ಯಂತ್ರವನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡುತ್ತಾನೆ. ಆಮೇಲೆ ನನಗೆ ಫೋನ್ ಮಾಡುತ್ತಾನೆ. "ಎದ್ದೈತ್ರಿ ಸರ್."