ಬಚ್ಚಲೊಲೆಯ ಪಕ್ಕದ ಹಸಿರು ಕಲ್ಲು

ಮೆತ್ತಗಾದ ಕಲ್ಲನ್ನು ಗಾಜಿಗಂಟಿಸಿ, ಬೆಳಕು ಹಾಯುವಷ್ಟು ತೆಳ್ಳಗೆ ಮನೆಯಲ್ಲಿ ತೇದು ಮೈಕ್ರೋಸ್ಕೋಪಿಗೆ ಸ್ಲೈಡ್ ಮಾಡಲಾಗದು, ಅದೂ ಮಡಿಕೇರಿ ಮಳೆಯಲ್ಲಿ ಅಂದವರು ಮೂವರು. ಅವರಲ್ಲೊಬ್ಬರು ನನಗೇ ಪಾಠ ಹೇಳಿದ ಮೇಷ್ಟ್ರು. ಹೋದ ವಾರ ಹದಿನೇಳನೆಯ ಸ್ಲೈಡನ್ನು ಅವರ ಕೈಗೇ ಕೊಟ್ಟೆ. ಕಾಲು ಗಂಟೆ ಕಣ್ಣು ತೆಗೆಯಲಿಲ್ಲ. ನನಗಷ್ಟು ಸಾಕು.

ಕಲ್ಲು ನಮ್ಮ ತೋಟದ ಬಾವಿಯದು. 30 ಅಡಿ ಹತ್ತಿರ ಮದ್ದಿಟ್ಟು ಒಡೆದಾಗ ಬಂದ ನೈಸ್ ಅನ್ನುವ ಪಟ್ಟೆಕಲ್ಲು. ನಡುವೆ ಬೆರಳಗಲದ ಬಿರುಕು, ಅದರ ತುಂಬ ಪಿಸ್ತಾ ಬಣ್ಣದ ಎಪಿಡೋಟ್ ಖನಿಜ. ಎರಡೂ ಕಡೆ ಗೇಣುದ್ದ ಬಯೊಟೈಟ್, ಅಂದರೆ ಕರಿ ಅಭ್ರಕ, ಹಸಿರು ಕ್ಲೋರೈಟ್ ಆಗಿತ್ತು. ಬಿಸಿನೀರು ಹರಿದ ದಾರಿ ಅನ್ನುವುದರಲ್ಲಿ ನನಗೆ ಅನುಮಾನವಿರಲಿಲ್ಲ. ಬಾವಿ ತೋಡಿದವನು ಮಾತ್ರ "ಪಾಚಿ ಸಾರ್, ಉಜ್ಜಿದ್ರೆ ಹೋಗ್ತದೆ" ಅಂದ.

ಚಾರ್ನಕೈಟಿನಂಥ ಗಟ್ಟಿ ಕಲ್ಲಾದರೆ ಕಣ್ಣು ಮುಚ್ಚಿ ತೇಯಬಹುದು. ಇದು 400ನೇ ನಂಬರಿನ ತೇಯುವ ಪುಡಿ ದಾಟುವಷ್ಟರಲ್ಲಿ ಕ್ಲೋರೈಟೆಲ್ಲ ಪದರ ಪದರವಾಗಿ ಎದ್ದುಹೋಗಿ ಗಾಜಿನ ಮೇಲೆ ಗಟ್ಟಿ ಕ್ವಾರ್ಟ್ಜ್ (ಬೆಣಚು) ಮಾತ್ರ ಉಳಿಯುತ್ತಿತ್ತು. ಮೊದಲ ಒಂಬತ್ತು ಹೀಗೇ ಮಣ್ಣುಪಾಲು. ನೀರು ಬಿಟ್ಟು ಸೀಮೆಎಣ್ಣೆ ಹಿಡಿದೆ, ಸ್ವಲ್ಪ ಸುಧಾರಿಸಿತು, ಆದರೆ ವಾಸನೆಗೆ ಮನೆಯವಳು ನನ್ನನ್ನು ಜಗಲಿಗೆ ಅಟ್ಟಿದಳು. ಕಲ್ಲಿಗೆ ಎಪಾಕ್ಸಿ ಅಂಟು ಕುಡಿಸಿದೆ. ಜುಲೈ ತಿಂಗಳು, ತೇವಕ್ಕೆ ಮೇಲೆ ಬಿಳಿ ಜಿಡ್ಡು ಕಟ್ಟಿ, ಬೆಳಿಗ್ಗೆ ನೋಡಿದರೆ ಚೂರು ಗಾಜಿನಿಂದ ಹಪ್ಪಳದಂತೆ ಎದ್ದು ಬಂದಿತ್ತು. ಅಂಟಿಗೇ ಎರಡು ಸಾವಿರ ಹೋಗಿರಬೇಕು. ರೋಸಿಹೋಗಿ ಬೆಂಗಳೂರಿನ ಒಂದು ಲ್ಯಾಬಿಗೆ ನಾಲ್ಕು ಚೂರು ಕಳಿಸಿದೆ, ಒಂದಕ್ಕೆ 600ರಂತೆ. ಬಂದದ್ದು ಮೂರು. ಎರಡು ಪೋಲರಾಯ್ಡ್ ಹಾಳೆಗಳ ನಡುವೆ ನೋಡಿದರೆ ಮೂರರಲ್ಲೂ ಕ್ವಾರ್ಟ್ಜ್ ಹಳದಿ! ತೆಳ್ಳಗಿದ್ದರೆ ಬೂದು ಕಾಣಬೇಕಿತ್ತು. ಅಷ್ಟು ದಪ್ಪ ತೇಯಲು ನಾನೇ ಸಾಕಿತ್ತು.

ನಡುವೆ ಒಂದು ಹುಚ್ಚು ಹಿಡಿಯಿತು, ಬಯೊಟೈಟನ್ನು ನಾನೇ ಹಸಿರು ಮಾಡಿ ನೋಡುವುದು. ಬಯೊಟೈಟ್ ಪುಡಿಯನ್ನು ಉಪ್ಪುನೀರಲ್ಲಿ ಹಾಕಿ ಹಳೇ ಕುಕ್ಕರಿನಲ್ಲಿ ನಾಲ್ಕು ಸಂಜೆ ಕೂಗಿಸಿದೆ. ಕುಕ್ಕರ್ 120 ಡಿಗ್ರಿಯ ಆಚೆ ಹೋಗುವುದಿಲ್ಲ, ಇಂಥ ಬದಲಾವಣೆಗೆ ಅದರ ಎರಡರಷ್ಟಾದರೂ ಬೇಕು ಅಂತ ಗೊತ್ತಿದ್ದೂ ಮಾಡಿದೆ. ಬಯೊಟೈಟ್ ಬಯೊಟೈಟಾಗಿಯೇ ಉಳಿಯಿತು, ಗ್ಯಾಸ್ಕೆಟ್ ಹೋಯಿತು.

ಆ ಕುಕ್ಕರೇ ಕೊನೆಗೆ ಕೈಹಿಡಿದದ್ದು. ಕಲ್ಲನ್ನು ಹಂಡೆ ಪಕ್ಕ, ಬಚ್ಚಲೊಲೆಯ ಕಟ್ಟೆ ಮೇಲೆ ಎರಡು ದಿನ ಒಣಗಿಸಿದೆ. ಬಿಸಿ ಆರುವ ಮೊದಲು ಎಪಾಕ್ಸಿ ಸುರಿದು ಕುಕ್ಕರಿನಲ್ಲಿಟ್ಟು, ಗುಜರಿ ಫ್ರಿಜ್ಜಿನ ಕಂಪ್ರೆಸರ್‌ನಿಂದ (700 ರೂಪಾಯಿ) ಹತ್ತು ನಿಮಿಷ ಗಾಳಿ ಎಳೆದೆ. ಗಾಳಿ ಮರಳಿ ಬಿಟ್ಟಾಗ ಅಂಟು ಒಳಗಿಳಿಯಿತು. ಒಣಗಲು ಮತ್ತೆ ಅದೇ ಕಟ್ಟೆ. ಅಂಟಿಗೆ ಏನು ಬೆರೆಸಿದೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಈಗ ನೋಡಿ: ಒಂದೇ ಹರಳು ಅರ್ಧ ಕಂದು, ಅರ್ಧ ಹಸಿರು. ನೀರು ಸೀಳುಗಳ ಗುಂಟ ನುಗ್ಗಿದೆ. ಪೋಲರಾಯ್ಡ್ ಅಡ್ಡ ಹಾಕಿದರೆ ಕ್ಲೋರೈಟ್, ಖನಿಜ ಗುರುತಿಸುವ ಬಣ್ಣದ ಚಾರ್ಟಿನಲ್ಲೆಲ್ಲೂ ಇಲ್ಲದ ಆ ನೀಲಿ. ಕ್ಲೋರೈಟಿನಲ್ಲಿ ಜಾಗ ಸಿಗದ ಟೈಟಾನಿಯಂ, ರೂಟೈಲ್ ಖನಿಜದ ಸೂಜಿಗಳಾಗಿ ಹೊರಬಿದ್ದಿದೆ. ಬಯೊಟೈಟ್ ಬಿಟ್ಟ ಪೊಟ್ಯಾಸಿಯಂ ಪಕ್ಕದ ಪ್ಲೇಜಿಯೋಕ್ಲೇಸ್ ಫೆಲ್ಡ್‌ಸ್ಪಾರಿನ ಹೊಟ್ಟೆಯಲ್ಲಿ ಸೆರಿಸೈಟಾಗಿ, ಅಂದರೆ ನುಣ್ಣನೆ ಬಿಳಿ ಅಭ್ರಕವಾಗಿ, ಮಿನುಗುತ್ತಿದೆ. ಪ್ಲೇಜಿಯೋಕ್ಲೇಸ್ ಕಳಕೊಂಡ ಕ್ಯಾಲ್ಸಿಯಂ ಬಿರುಕಿನ ಎಪಿಡೋಟಿಗೆ ಸೇರಿದೆ ಅಂತ ನನ್ನ ಲೆಕ್ಕ.

ಬಾವಿ ತೋಡಿದವನು ಈಗ ಹಸಿರು ಕಲ್ಲು ಕಂಡಲ್ಲೆಲ್ಲ ಫೋನ್ ಮಾಡುತ್ತಾನೆ. ಮೊನ್ನೆ ಜೀಪಿನಲ್ಲಿ ಹೊತ್ತು ತಂದದ್ದು ಪಾಚಿಯೇ.